ಅಂಕಲ್ ಮೀಮಾಂಸೆ

ಆಂಗ್ಲಭಾಷೆಯ ನ್ಯಾಯಪತ್ರಗಳನ್ನು ಅರಬಿಗೆ ಪರಿವರ್ತಿಸುವ ಕಾರ್ಯವು ಕೇವಲ ಕೋಶಾಧೀನವಾದುದೆಂದು ಭ್ರಮಿಸಿರುವ ಪೂರ್ವಪಕ್ಷಿಗಳ ಬಾಯಿ ಮುಚ್ಚಿಸುವುದೇ ಈ ಪ್ರಬಂಧದ ಪ್ರಯೋಜನ. ಕೋರ್ಟುಕಚೇರಿಗಳ ಜಗಲಿಯಲ್ಲಿ ಕುಳಿತು ಸವೆದ ಭಾಷಾಂತರಕಾರನೇ ಇದಕ್ಕೆ ಅಧಿಕಾರಿ. ವಿಷಯವು 'ಅಂಕಲ್' ಮೊದಲಾದ ಶಬ್ದಗಳು. ಸಂಬಂಧವೋ, ತೊಡಕೆಲ್ಲವೂ ಅದರಲ್ಲಿಯೇ ಇದೆ.

ಸಪ್ತಸಮುದ್ರಗಳನ್ನಳೆದು, ಕಂಡ ದ್ವೀಪಗಳಿಗೆಲ್ಲ ಹೆಸರಿಟ್ಟ ಆಂಗ್ಲರು, ತಂದೆಯ ಸೋದರನಿಗೂ ತಾಯಿಯ ಸೋದರನಿಗೂ ಬೇರೆ ಬೇರೆ ಹೆಸರಿಡುವ ಹೊತ್ತಿಗೆ ಏಕೋ ದಣಿದುಬಿಟ್ಟರು. ಅರಬ್ಬರು ದಣಿಯಲಿಲ್ಲ: ಮೊದಲಿನವನು 'ಅಮ್ಮ್', ಎರಡನೆಯವನು 'ಖಾಲ್'. (ಚಿಕ್ಕಪ್ಪನನ್ನು ಅಮ್ಮನೆಂದೂ ಸೋದರಮಾವನನ್ನು ಖಾಲಿಯೆಂದೂ ಕೇಳಿಸಿಕೊಂಡ ಕನ್ನಡಿಗನ ಕಿವಿಗೆ ಇಲ್ಲಿ ಕ್ಷಮೆಯುಂಟು.) ಇದನ್ನು ಮನೆಮಾತಿನ ಸೂಕ್ಷ್ಮವೆಂದಷ್ಟೇ ಬಗೆದವನು ಕೆಟ್ಟನು. 1943ರ 77ನೆಯ ಕಾನೂನಿನ ರೂಪದಲ್ಲಿ ಈಜಿಪ್ಟು ಅಂಗೀಕರಿಸಿದ ದಾಯಶಾಸ್ತ್ರದಲ್ಲಿ ಪಿತೃವ್ಯನು 'ಅಸಬಾ' ವರ್ಗದವನು. ನಿಯತಾಂಶಗಳು ಸಂದು ಮಿಕ್ಕುದಕ್ಕೆ, ತನಗಿಂತ ಸಮೀಪದವರಿಲ್ಲದಿದ್ದಲ್ಲಿ, ಹಕ್ಕುದಾರನು. ಮಾತುಲನೋ, ಎಲೆ ಹಾಕುವರೋ ಇಲ್ಲವೋ ಎಂದು ಪಂಕ್ತಿಯ ಕೊನೆಯಲ್ಲಿ ನಿಂತಿರತಕ್ಕ ದೂರಬಂಧು. ಆದಕಾರಣ, ಲಂಡನ್ನಿನ ವಕೀಲನೊಬ್ಬನು 'ಅಂಕಲ್' ಎಂದು ಬರೆದು ನಿಶ್ಚಿಂತೆಯಿಂದ ಊಟಕ್ಕೆದ್ದುಹೋದ ಸಾಲೊಂದು, ಕೈರೋ ನಗರದ ಭಾಷಾಂತರಕಾರನ ಮೇಜಿನ ಮೇಲೆ, ಒಂದು ಖರ್ಜೂರದ ತೋಟವನ್ನು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸಬಲ್ಲುದು. ಸಿದ್ಧಾಂತವಿದು: ನಿಘಂಟನ್ನು ತೆರೆಯುವ ಮೊದಲು ಕಕ್ಷಿದಾರನ ಅಜ್ಜಿಯನ್ನು ಕಾಣತಕ್ಕದ್ದು.

'ಕಸಿನ್' ಶಬ್ದಕ್ಕೆ ಅರಬಿಯಲ್ಲಿ ಎಂಟು ಬಾಗಿಲುಗಳುಂಟು. ಗ್ರಂಥವಿಸ್ತರಭಯದಿಂದ ಯಾವುದನ್ನೂ ತಟ್ಟುವುದಿಲ್ಲ.

ಇನ್ನು 'ಕಸ್ಟಡಿ'. ವಿಚ್ಛೇದನ ಪಡೆದ ದಂಪತಿಗಳ ಕೂಸೂ, ಸರ ಕದ್ದು ಸಿಕ್ಕಿಬಿದ್ದ ಕಳ್ಳನೂ ಆಂಗ್ಲರಲ್ಲಿ ಇದೊಂದೇ ಶಬ್ದದೊಳಗೆ ಇರುವರು. ಅರಬಿಯಲ್ಲಿ ಕೂಸಿನದು 'ಹದಾನಾ', ಅಂದರೆ ಎದೆಗವಚಿ ಸಾಕುವ, ಪ್ರಥಮತಃ ತಾಯಿಗೆ ಸಲ್ಲುವ ಅಧಿಕಾರ. ಹಕ್ಕಿಯು ಮೊಟ್ಟೆಗೆ ಕಾವು ಕೊಡುವುದೂ ಅದೇ ಧಾತುವಿನಿಂದ. ಮಡಿಲೆಂಬರ್ಥದ ಅದರ ಮೂಲರೂಪ 'ಹಿದ್ನ್' ಎಂಬುದನ್ನು ನಮ್ಮ 'ಹಿಡಿ' ಧಾತುವಿನಿಂದ ಸಾಧಿಸುವ ಆಸೆಯನ್ನು, ಪ್ರಮಾಣಾಭಾವದಿಂದ, ಬಹುಕಷ್ಟದಿಂದ ತಡೆದಿದ್ದೇನೆ. ಕಳ್ಳನಿಗೆ ವಿಹಿತವಾದುದು 'ತೌಕೀಫ್'. ಅವಸರದ ಭಾಷಾಂತರಕಾರನು ಇವೆರಡನ್ನೂ ಅದಲುಬದಲು ಮಾಡಿದರೆ, ದಫೇದಾರನು ರಾತ್ರಿಯೆಲ್ಲ ಕಳ್ಳನಿಗೆ ಕಾವು ಕೊಡುತ್ತ ಕುಳಿತಿರಬೇಕಾದೀತು.

'ವಿಲ್' ಎಂಬುದು ಆಂಗ್ಲನಿಗೆ ಸಂಕಲ್ಪಶಕ್ತಿಯೂ ಹೌದು, ಮರಣಶಾಸನವೂ ಹೌದು. ಅರಬಿಯಲ್ಲಿ ಮೊದಲನೆಯದು 'ಇರಾದಾ', ಎರಡನೆಯದು 'ವಸಿಯ್ಯಾ'. ಸಂಕಲ್ಪಕ್ಕೆ ಮೇರೆಯಿಲ್ಲ, ಮರಣಶಾಸನವಾದರೋ ವಾರಸುದಾರರ ಸಮ್ಮತಿಯಿಲ್ಲದೆ ಆಸ್ತಿಯ ಮೂರನೆಯ ಒಂದು ಪಾಲನ್ನು ಮೀರಲಾರದು. ಬದುಕಿದ್ದಾಗ ಹೆಂಡತಿಯೆದುರು ಇರಾದೆಯ ಅಷ್ಟನ್ನೂ ನಡೆಸಲಾಗದವನಿಗೆ ಇದೊಂದು ಉದಾರವಾದ ಪ್ರಮಾಣವೆಂದೇ ನನ್ನ ಮತ.

ಕಡೆಯದಾಗಿ 'ಟ್ರಸ್ಟ್'. ಮನಸ್ಸಿನ ನಂಬಿಕೆ 'ಥಿಕಾ'. ಧರ್ಮಾರ್ಥವಾಗಿ ಕಟ್ಟಿಟ್ಟ ಆಸ್ತಿ 'ವಕ್ಫ್'. ನಂಬಿ ಒಪ್ಪಿಸಿದ ವಸ್ತು 'ಅಮಾನಾ'. ಈ ಕೊನೆಯದು ಪಾರಸೀಕ ಮಾರ್ಗವಾಗಿ ನಮ್ಮ ಕಚೇರಿಗಳಿಗೂ ಬಂದು, ಠೇವಣಿಯಾಗಿ ಕೆಲಕಾಲ ಮರ್ಯಾದೆಯಿಂದ ಬಾಳಿ, ಈಗ 'ಅಮಾನತು' ಎಂಬ ಹೆಸರಿನಲ್ಲಿ ಗುಮಾಸ್ತರನ್ನು ಮನೆಗೆ ಕಳುಹಿಸುವ ಆಜ್ಞೆಯಾಗಿದೆ. ಹೇಳಿದ್ದನ್ನೇ ಹೇಳುವುದೆಂಬರ್ಥದ ಅರಬೀ 'ತಕ್ರಾರ್' ನಮ್ಮಲ್ಲಿ 'ತಕರಾರು' ಆಗಿರುವುದನ್ನು ಆಲೋಚಿಸಿದರೆ, ಹಾಗೆ ಮನೆಗೆ ಹೋದ ಗುಮಾಸ್ತನು ಮರುದಿನದಿಂದ ಏನು ಮಾಡುವನೆಂಬುದೂ ಆ ಭಾಷೆಯ ಧಾತುಪಾಠದಲ್ಲಿ ಮೊದಲೇ ವಿಧಿಸಲ್ಪಟ್ಟಂತೆ ತೋರುತ್ತದೆ.