ಎರಡು ನಿಮಿಷದ ಸುರಪುರ

ಮೊಬೈಲಿನೊಳಗೆ ಕುಳಿತು ಊರಿಂದೂರಿಗೆ ದೂರ ಹೇಳುವ ಲೆಕ್ಕದ ಸಾಹೇಬರಿಗೆ, ಶಹಾಪುರ ಬಸ್‌ಸ್ಟ್ಯಾಂಡಿನಿಂದ ಶರಣು.

ಇಲ್ಲಿ ನಾವೆಲ್ಲ ಕ್ಷೇಮ. ಸುರಪುರದ ಬಸ್ ಇನ್ನೂ ಬಂದಿಲ್ಲ, ಹಾಗಾಗಿ ಪತ್ರ ಬರೆಯಲು ಬಿಡುವಾಯಿತು.

ಸುರಪುರ ಎಷ್ಟು ದೂರವೆಂದು ಕೇಳಿದರೆ ತಾವು ಗಾಳಿಯಲ್ಲೊಂದು ಗೆರೆ ಎಳೆದು, ಸುಮಾರು 22 ಕಿ.ಮೀ., ವಿಮಾನದಲ್ಲಿ ಎರಡು ನಿಮಿಷ ಎಂದಿರಿ. ಗಂಟೆಗೆ 800 ಕಿ.ಮೀ. ವೇಗವಿದ್ದರೆ ಅಷ್ಟೂ ಬೇಡ, ಲೆಕ್ಕದಲ್ಲಿ ತಪ್ಪಿಲ್ಲ. ಸುಸಲಾದ ಜೊತೆ ಕೊಟ್ಟ ಮಿರ್ಚಿ ಆರುವುದಕ್ಕೂ ಇಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೊರಟೇಬಿಡೋಣವೆಂದರೆ ಎರಡೂ ಊರಲ್ಲಿ ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದು ಕಲಬುರಗಿಯದು, 2019ರ ನವೆಂಬರ್‌ನಲ್ಲಿ ಉದ್ಘಾಟನೆಯಾದದ್ದು. ಸುರಪುರ ನಮಗೆ ದಕ್ಷಿಣಕ್ಕೆ, ಕಲಬುರಗಿ ಉತ್ತರಕ್ಕೆ. ಎರಡು ನಿಮಿಷ ಹಾರಲು ಮೊದಲು ಸುರಪುರಕ್ಕೆ ಬೆನ್ನು ಹಾಕಿ, ಜೇವರ್ಗಿ ದಾಟಿ 70 ಕಿ.ಮೀ.ಗೂ ಹೆಚ್ಚು ಬಸ್ಸಿನಲ್ಲಿ ಹೋಗಬೇಕು. ಹತ್ತಿದೆವೆನ್ನಿ, ಇಳಿಯುವುದು ಎಲ್ಲಿ? ಸುರಪುರದ ಟೇಲರ್ ಮಂಜಿಲ್ ಅಂಗಳದಲ್ಲೆ? ಮೆಡೋಸ್ ಟೇಲರ್ ಸಾಹೇಬ ಆ ಬಂಗಲೆಯನ್ನು ಗುಡ್ಡದ ಮೇಲೆ, ಆಕಾಶಕ್ಕೆ ಹತ್ತಿರವಾಗಿಯೇ ಕಟ್ಟಿಸಿದ. ರನ್‌ವೇ ಹಾಕಿಸುವುದನ್ನು ಮರೆತ.

(ಅಂದಹಾಗೆ, 2023ರ ಜೂನ್‌ನಿಂದ ಆಧಾರ್ ತೋರಿಸಿ ದುಡ್ಡಿಲ್ಲದೆ ಬಸ್ ಹತ್ತುವ ನಮ್ಮ ಹೆಣ್ಣುಮಕ್ಕಳು ಕೇಳುತ್ತಿದ್ದಾರೆ: ನಿಮ್ಮ ವಿಮಾನದಲ್ಲೂ ಶೂನ್ಯ ಟಿಕೆಟ್ ಅದ ಏನ್ರಿ?)

ರೈಲಿನ ಮಾತಿಗೆ ಬಂದರೆ, ಶಹಾಪುರ, ಸುರಪುರದವರು "ಸ್ಟೇಷನ್‌ಗೆ ಹೋಗಿ ಬರ್ತೀನಿ" ಎಂದರೆ ಭೀಮಾ ಸೇತುವೆ ದಾಟಿ ಯಾದಗಿರಿಗೆ ಎಂದೇ ಅರ್ಥ. ಗದಗ–ವಾಡಿ ಹೊಸ ಮಾರ್ಗ ನಮ್ಮ ಎರಡೂ ಊರಿನ ಮೇಲೆ ಹಾದುಹೋಗಬೇಕು. 2025ರ ಮೇ ತಿಂಗಳಲ್ಲಿ ರೈಲು ಕುಷ್ಟಗಿ ತನಕ ಬಂತು. ಅಲ್ಲಿಂದ ಇತ್ತ ನಾವು ನಕ್ಷೆಯ ಮೇಲೇ ಓಡಾಡುತ್ತಿದ್ದೇವೆ. ಗೆರೆಯ ಮೇಲೆ ಜನರನ್ನು ಕೂರಿಸಿ ಪ್ರಯಾಣ ಮಾಡಿಸಿದವರಲ್ಲಿ ತಾವೇ ಮೊದಲಿಗರಲ್ಲ, ಬೇಜಾರಾಗಬೇಡಿ.

ಯಾದಗಿರಿಯಿಂದ ಬೆಂಗಳೂರಿಗೆ ನಿಮ್ಮ ಗೆರೆ ಸುಮಾರು 425 ಕಿ.ಮೀ., ಅರ್ಧ ತಾಸಿನ ಹಾರಾಟ. ದಯವಿಟ್ಟು ಇದನ್ನು ರಾತ್ರಿ ರೈಲಿನ ಜನರಲ್ ಬೋಗಿಯಲ್ಲಿ ಹೇಳಬೇಡಿ. ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ಗುಳೆ ಹೊರಟವರು ಅಲ್ಲಿರುತ್ತಾರೆ: ಜೋಳದ ಹಿಟ್ಟಿನ ಚೀಲ, ಬೋಗುಣಿ, ತೊಡೆಯ ಮೇಲೆ ಕೂಸು, ಬೆನ್ನಿಗೆ ಶೌಚಾಲಯದ ಬಾಗಿಲು. ಬೆಳಗಾದ ಮೇಲೆ ಅವರು ಕಟ್ಟಲು ಹೋಗುವ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಿಂದ ವಿಮಾನಗಳು ಬಲು ಹತ್ತಿರ ಕಾಣುತ್ತವೆ.

ಇನ್ನೊಂದು ವಿಷಯ. ನಮ್ಮ ಶಹಾಪುರದ ಬೆಟ್ಟಸಾಲು, ರಸ್ತೆಯಲ್ಲಿ ನಿಂತು ನೋಡಿದರೆ, ಮಲಗಿದ ಬುದ್ಧ. ಮೇಲಿನಿಂದ ನೋಡುವವರಿಗೆ ಬರೀ ಬಂಡೆ. ತಾವು ಯಾವಾಗಾದರೂ ಕೆಳಗಿಳಿದರೆ ತೋರಿಸುತ್ತೇನೆ.

ಇನ್ನೂ ಬರೆಯುವುದಿತ್ತು, ಆದರೆ ಬಸ್ ಬಂತು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯಬೇಕು.

ಇಂತಿ ನಿಮ್ಮ,
ಎರಡು ನಿಮಿಷದ ದಾರಿಯಲ್ಲಿ ಒಂದು ತಾಸಿನಿಂದ ನಿಂತಿರುವ ಪ್ರಯಾಣಿಕ