ಚಾಸಿಯ ಸುಳಿ ನೋಡುವವನು

ಪರವೂರಿಗೆ ಕಾಲಿಟ್ಟ ಕೂಡಲೇ ದೇವಸ್ಥಾನ ಎಲ್ಲಿ, ಖಾನಾವಳಿ ಎಲ್ಲಿ ಎಂದು ಕೇಳುವವರು ಒಂದು ಜಾತಿ. ಗುಜರಿ ಅಂಗಡಿ ಎಲ್ಲಿ ಎಂದು ಕೇಳುವವರು ಇನ್ನೊಂದು. ಈ ಎರಡನೆಯವರನ್ನು ದಾಂಡೇಲಿಯಲ್ಲೋ ಹಳಿಯಾಳದಲ್ಲೋ ನೀವೂ ಕಂಡಿರುತ್ತೀರಿ. ಉಗುರಿನ ಸಂದಿಯಲ್ಲಿ ಗ್ರೀಸು, ಪ್ಯಾಂಟಿನ ಕಿಸೆಯಲ್ಲಿ ಹತ್ತು-ಹನ್ನೊಂದರ ಪಾನಾ, ಮೊಬೈಲಿನ ತುಂಬ ಕಂಡವರ ಬೈಕಿನ ಫೋಟೋ. ಸ್ವಂತ ಕೈಯಿಂದ ಒಂದು ಪುಟ್ಟ ಡ್ರ್ಯಾಗ್ ಬೈಕ್ ಕಟ್ಟುವುದು ಅವರ ವ್ರತ. ಕಟ್ಟುವ ಕೆಲಸ ಇನ್ನೂ ಶುರುವಾಗಿರುವುದಿಲ್ಲ, ಯಾಕೆಂದರೆ ಚಾಸಿ ಸಿಕ್ಕಿರುವುದಿಲ್ಲ. ಹಾಗಂತ ಚಾಸಿಗೆ ಬರವೇನೂ ಇಲ್ಲ. ಸಿಕ್ಕದ್ದು ಯಾವುದೂ ಪಾಸಾಗುವುದಿಲ್ಲ, ಅಷ್ಟೆ.

ಇಂಥವರ ಮೇಲೆ ನನಗೆ ದ್ವೇಷವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಏಕೆಂದರೆ ಅವರಲ್ಲೊಬ್ಬ ನನ್ನ ಅಕ್ಕನ ಮಗ. ಉಳವಿಯ ನಮ್ಮ ಮನೆಯ ಅಟ್ಟದಲ್ಲಿ ಅಡಿಕೆ ಚೀಲಕ್ಕಿದ್ದ ಜಾಗವೆಲ್ಲ ಈಗ ಅವನ ತಿರಸ್ಕೃತ ಚಾಸಿಗಳದ್ದು. ಗಟ್ಟಿಯಾಗಿ ಬಯ್ಯೋಣವೆಂದರೆ ಈ ಊರಿನಲ್ಲಿ ಅದೂ ಕಷ್ಟ. ಇಲ್ಲಿ ಐಕ್ಯನಾದ ಚೆನ್ನಬಸವಣ್ಣ ಯಾರು? ಬಸವಣ್ಣನ ಅಕ್ಕ ನಾಗಮ್ಮನ ಮಗ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಶರಣರನ್ನು ಕರೆದುಕೊಂಡು ಈ ಕಾಡಿಗೆ ಬಂದವನು ಒಬ್ಬ ಸೋದರಳಿಯ. "ಅಳಿಯಂದಿರ ಊರು ಇದು, ಸುಮ್ಮನಿರು" ಎಂದು ಅಕ್ಕ ನನ್ನ ಬಾಯಿ ಮುಚ್ಚಿಸುತ್ತಾಳೆ.

ಡ್ರ್ಯಾಗ್ ರೇಸೆಂದರೆ ಇಬ್ಬರು ಒಟ್ಟಿಗೆ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್, ಯಾರು ಮೊದಲು ಮುಟ್ಟುತ್ತಾರೆಂದು ನೋಡುವುದು. 1951ರಲ್ಲಿ ಅಮೆರಿಕದ ವಾಲಿ ಪಾರ್ಕ್ಸ್ ಎಂಬಾತ ಇದಕ್ಕೊಂದು ಸಂಘ ಕಟ್ಟಿ ಬೀದಿಯ ಹುಡುಗರನ್ನು ಪಟ್ಟಿಗೆ ಇಳಿಸಿದನಂತೆ. ಇದನ್ನು ನಾನು ಊಟದ ಎಲೆಯ ಮುಂದೆ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೇನೆ. ಪುಟ್ಟ ಗಾಡಿಗೆ ಅದರ ಅರ್ಧ, 201 ಮೀಟರ್ ಸಾಕಂತೆ. ಅಷ್ಟಾದರೂ ನಮ್ಮಲ್ಲಿ ಎಲ್ಲಿದೆ ಸ್ವಾಮಿ? ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ರಸ್ತೆ ಸ್ವಲ್ಪ ನೇರವಾಯಿತು ಅನ್ನುವಷ್ಟರಲ್ಲಿ ತಿರುವು, ತಿರುವಿನಾಚೆ ಕಾಡುಕೋಣ. "ಇದು ರೋಡಿಗಲ್ಲ ಮಾಮಾ, ಟ್ರ್ಯಾಕಿಗೆ" ಎನ್ನುತ್ತಾನೆ ಅಳಿಯ. ಲೋಣಾವಳದ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ಇಂಥ ಓಟ ನಡೆದದ್ದುಂಟು, ಅಲ್ಲಿಗೆ ಒಯ್ಯುತ್ತಾನಂತೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ, ಗಾಡಿಯನ್ನು ಮನಬಂದಂತೆ ಮಾರ್ಪಡಿಸಿದರೆ 52ನೇ ಕಲಂ. ಇವೆರಡನ್ನೂ ನನಗೆ ಕಲಿಸಿದವನೂ ಅವನೇ. ಕಾನೂನು ಮುರಿಯುವವನಿಗೆ ಮೊದಲು ಗಾಡಿ ಇರಬೇಕಲ್ಲ!

ಚಾಸಿಯ ವಿಚಾರಕ್ಕೆ ಬಂದರೆ ಅವನ ಮಾತು ಸುಳ್ಳಲ್ಲ ಎಂಬುದೇ ನನ್ನ ಸಂಕಟ. ಗಾಡಿಯ ಉದ್ದ ಕಡಿಮೆಯಿದ್ದರೆ ಆಕ್ಸಿಲರೇಟರ್ ತಿರುವಿದ ತಕ್ಷಣ ಮುಂದಿನ ಗಾಲಿ ಮೇಲೆದ್ದು ಸವಾರನನ್ನು ಬೆನ್ನ ಮೇಲೆ ಕೆಡವುತ್ತದೆ. ಆದ್ದರಿಂದ ತಗ್ಗಾಗಿರಬೇಕು, ಹಿಂದಕ್ಕೆ ಉದ್ದವಾಗಿರಬೇಕು. ಹ್ಯಾಂಡಲ್ ಕೂರುವ ಕುತ್ತಿಗೆ ಕೊಂಚ ಹಿಂದಕ್ಕೆ ವಾಲಿದ್ದರೆ ಗಾಡಿ ದಿಕ್ಕು ಬಿಡುವುದಿಲ್ಲ. ಎಂಜಿನ್ನಿನ ಸ್ಪ್ರಾಕೆಟ್ಟಿಗೂ ಹಿಂದಿನದಕ್ಕೂ ಒಂದೇ ಗೆರೆ ಇರಬೇಕು, ಇಲ್ಲದಿದ್ದರೆ ಚೈನು ಹಾರುತ್ತದೆ.

ಇಷ್ಟು ತಿಳಿದವನು ಒಂದನ್ನು ಆರಿಸಿ ಮುಗಿಸಬಾರದೇ? ಲೂನಾ ತಂದ, ಹಗುರ, ಆದರೆ ಜೋರು ಎಂಜಿನ್ ಕೂರಿಸಿದರೆ ಮಣಿಯುತ್ತದೆ ಎಂದ. ಟಿವಿಎಸ್ ಎಕ್ಸೆಲ್ ತಂದ. ನಡುವೆ ಹತ್ತಿ ಇಳಿಯಲು ಬಿಟ್ಟ ಖಾಲಿ ಜಾಗಕ್ಕೆ ಮೇಲೊಂದು ಪೈಪು ಬೆಸೆಯಬೇಕೆಂದ, ಬೆಸೆಯಲಿಲ್ಲ. ಮೈಸೂರಿನ ಯೆಜ್ಡಿ ಬಲು ಗಟ್ಟಿ, ಹಾಗೆಯೇ ಬಲು ಭಾರ. ಆರ್‌ಎಕ್ಸ್ 100 ಅಂತೂ ಅವನಿಗೆ ಮನೆದೇವರು. 98 ಸಿಸಿ, 11 ಅಶ್ವಶಕ್ತಿ, 1996ಕ್ಕೆ ತಯಾರಿಕೆ ನಿಂತರೂ ಅದರ ಸದ್ದಿಗೆ ಈಗಲೂ ಹುಡುಗರ ಕತ್ತು ಹೊರಳುತ್ತದೆ. ಅದನ್ನು ಕತ್ತರಿಸಲು ಮನಸ್ಸು ಬರುವುದಿಲ್ಲವಂತೆ. ಇದೊಂದರಲ್ಲಿ ನಾನು ಅವನ ಪಕ್ಷ. ಕಾಗದಪತ್ರ ಸರಿಯಿರುವ ಆರ್‌ಎಕ್ಸನ್ನು ಗರಗಸಕ್ಕೆ ಕೊಡುವವನಿಗೆ ಊರಲ್ಲಿ ಯಾರೂ ಹೆಣ್ಣು ಕೊಡಬಾರದು. ಕೊನೆಗೆ ತಾನೇ ಪೈಪು ಬಾಗಿಸಿ ಕಟ್ಟುತ್ತೇನೆಂದು ನಮ್ಮ ಹಿತ್ತಿಲಿನ ನಲ್ಲಿಯ ಜಿಐ ಪೈಪಿನ ಮೇಲೆ ಕಣ್ಣು ಹಾಕಿದ. ಪುಣ್ಯಕ್ಕೆ ದಾಂಡೇಲಿಯ ವೆಲ್ಡಿಂಗ್‌ನವರು, "ಅದರ ಸತುವಿನ ಹೊಗಿ ಕುಡದ್ರ ರಾತ್ರಿ ಚಳಿಜ್ವರ ಬರ್ತೈತಿ ತಮ್ಮಾ, ಒಯ್ದು ನೀರು ಬಿಡು" ಎಂದು ವಾಪಸು ಕಳಿಸಿದರು. ನಮ್ಮ ಮನೆಯ ನೀರು ಉಳಿಯಿತು.

ಆದರೆ ನನ್ನ ತಾಳ್ಮೆ ಪರೀಕ್ಷಿಸಿದ್ದು ದಾರದ ಕಾರ್ಯಕ್ರಮ. ಹೊಸ ಚಾಸಿ ಬಂತೆಂದರೆ ಅದನ್ನು ಜಗುಲಿಯ ತೊಲೆಗೆ ತೂಗುಹಾಕಿ, ಕುತ್ತಿಗೆಯಿಂದ ಹಿಂದಿನ ಗಾಲಿಯ ತೂತಿನವರೆಗೆ ಎರಡು ಬದಿಗೂ ದಾರ ಎಳೆದು, ಗೌಂಡಿಯ ತೂಕದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನಿಲ್ಲುತ್ತಾನೆ. ಆಗ ಯಾರೂ ಬಾಗಿಲು ಹಾಕಬಾರದು, ಫ್ಯಾನು ಹಚ್ಚಬಾರದು, ನಾನು ಕೆಮ್ಮಬಾರದು. ಅಂಥದ್ದರಲ್ಲಿ ಜಾತ್ರೆ ಬಂತು. ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ, ಹಾವೇರಿ ಕಡೆಯಿಂದ ಚಕ್ಕಡಿಗಳ ಸಾಲು ಗೆಜ್ಜೆ ಕಟ್ಟಿಕೊಂಡು ಕಾಡುದಾರಿಯಲ್ಲಿ ಬರುತ್ತದೆ. ಮನೆ ತುಂಬ ನೆಂಟರು, ಜಗುಲಿ ತುಂಬ ಹಾಸಿಗೆ, ನಡುವೆ ನೇತಾಡುವ ಸುಜುಕಿಯ ಅಸ್ಥಿಪಂಜರ. ನಸುಕಿನಲ್ಲಿ ಎದ್ದ ಬೀಗರೊಬ್ಬರು ಅದಕ್ಕೆ ಹಣೆ ಬಡಿದುಕೊಂಡು ಚೆನ್ನಬಸವಣ್ಣನನ್ನು ಕೂಗಿದರು. ಅಳಿಯ ಓಡಿಬಂದ. ಬಂದವನು ಮೊದಲು ನೋಡಿದ್ದು ದಾರವನ್ನು.

"ಮಾವಾರ, ಅಲುಗ್ಯಾಡಿಸಿದ್ರೇನ್ರಿ?"

ನಾನು ಆ ಚಾಸಿಯನ್ನು ಅವತ್ತೇ ಕಾಳಿ ನದಿಗೆ ಬಿಡುತ್ತಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಚಕ್ಕಡಿ ಬಿಟ್ಟಿದ್ದ ಧಾರವಾಡದ ಕಡೆಯ ಅಜ್ಜರೊಬ್ಬರು ಎತ್ತುಗಳಿಗೆ ಮೇವು ಹಾಕಿ ಜಗುಲಿ ಹತ್ತಿದರು. ಸಂತೆಯಲ್ಲಿ ಎತ್ತಿನ ಸುಳಿ ನೋಡುವವರ ಹಾಗೆ ಚಾಸಿಯನ್ನು ಒಂದು ಸುತ್ತು ಹಾಕಿದರು. ಕುತ್ತಿಗೆಯ ಮೇಲೆ ಅಂಗೈ ಇಟ್ಟು ಬೆನ್ನಿನುದ್ದಕ್ಕೂ ಸವರಿಕೊಂಡು ಹೋಗಿ, ಹಿಂದಕ್ಕೆ ಸರಿದು ಕೂತು ನೋಡಿದರು.

"ಎಡಕ್ಕ ಹೊಳ್ಳೇತಲ್ಲೋ ತಮ್ಮಾ ಇದು. ಎಲ್ಲೋ ಬಿದ್ದು ಎದ್ದೈತಿ."

ಅಳಿಯ ಮತ್ತೆ ದಾರ ಎಳೆದ. ಎಡಕ್ಕೆ ಒಂದು ಬೆರಳಿನಷ್ಟು ವ್ಯತ್ಯಾಸ. ಬೀಗರಿಂದ ಆದದ್ದಲ್ಲ, ಕುತ್ತಿಗೆಯ ಕೆಳಗೆ ಬಣ್ಣದಡಿ ಹಳೆಯ ಬೆಸುಗೆಯ ಗಂಟು ಕೈಗೆ ಸಿಕ್ಕಿತು. ಅವನಿಗೆ ಬೇಸರವಾಗಬೇಕಿತ್ತು. ಬದಲಿಗೆ ಗುರು ಸಿಕ್ಕ ಸಂಭ್ರಮ! ರಾತ್ರಿ ಚಕ್ಕಡಿಯ ಕೆಳಗೆ ಬ್ಯಾಟರಿ ಹಿಡಿದು ಮಲಗಿ, ಅಚ್ಚು ಎಲ್ಲಿ ಸವೆಯುತ್ತದೆ, ಓಡುವ ಬಂಡಿಗೂ ಹೇರಿನ ಬಂಡಿಗೂ ಗಾಲಿಯಲ್ಲಿ ಏನು ವ್ಯತ್ಯಾಸ ಎಂದೆಲ್ಲ ಕೇಳಿಕೊಂಡ. ಅಜ್ಜರೂ ಉಮೇದಿಯಿಂದ ಹೇಳಿದರು. ಮನೆಯಲ್ಲಿ ಮಗ ಎತ್ತು ಮಾರಿ ಟ್ರ್ಯಾಕ್ಟರ್ ತರೋಣ ಅನ್ನುತ್ತಿದ್ದಾನಂತೆ. ಅವರ ಚಕ್ಕಡಿಯ ಹುಳುಕನ್ನು ಇಷ್ಟು ಆಸ್ಥೆಯಿಂದ ಕೇಳುವವರು ಬಹಳ ದಿನದಿಂದ ಸಿಕ್ಕಿರಲಿಲ್ಲವೆಂದು ತೋರುತ್ತದೆ.

ಅಳಿಯನ ಬಾಕಿ ಲಕ್ಷಣಗಳು ಹೇಳುವಂಥವಲ್ಲ. ಸಾಲ ಕೇಳುವುದಿಲ್ಲ, ಸಾಮಾನು ಕೇಳುತ್ತಾನೆ. ಸಿಗ್ನಲ್ ಸಿಗುವ ದಿಬ್ಬದ ಮೇಲೆ ನಿಂತು ಪರದೇಶದವರ ವಿಡಿಯೋ ನೋಡುತ್ತಾನೆ. ಮಳೆಗಾಲದಲ್ಲಿ ಮಂಕಾಗುತ್ತಾನೆ, ಏಕೆಂದರೆ ಜೋಯಿಡಾದ ಮಳೆ ಬರಿಯ ಕಬ್ಬಿಣವನ್ನು ಒಂದು ವಾರ ಸುಮ್ಮನೆ ಬಿಡುವುದಿಲ್ಲ. ಮೇ ತಿಂಗಳಲ್ಲಿ ಮೆಚ್ಚಿದ್ದು ಆಗಸ್ಟಿಗೆ ಕೆಂಪಗಾಗಿರುತ್ತದೆ. ಬೇಸಿಗೆಯಲ್ಲಿ ಗಣೇಶಗುಡಿಯಲ್ಲಿ ಪ್ರವಾಸಿಗರ ರ‍್ಯಾಫ್ಟ್ ಎಳೆಯುವ ಕೆಲಸ. ಅದರ ದುಡ್ಡು ತಾಯಿಯ ಕೈಗೆ ಹೋಗುತ್ತದೆ. ಅವನ ಜೊತೆಯವರು ಗೋವಾಕ್ಕೋ ಬೆಂಗಳೂರಿಗೋ ಹೋದರು. ಚಾಸಿ ಒಪ್ಪಿಗೆಯಾದ ಮರುದಿನವೇ ಎಂಜಿನ್, ಕಾರ್ಬೋರೇಟರ್, ಟೈರು ಎಂದು ಪಟ್ಟಿ ಶುರುವಾಗುತ್ತದೆ, ಪಟ್ಟಿಗೆ ರೊಕ್ಕ ಬೇಕು. ಚಾಸಿ ಬೇಡವೆನ್ನಲು ಏನೂ ಖರ್ಚಿಲ್ಲ. ಇದು ನನಗೆ ಹೊಳೆದ ಮೇಲೆ ಅಟ್ಟದ ವಿಷಯ ಎತ್ತುವುದನ್ನು ಬಿಟ್ಟಿದ್ದೇನೆ. ಅಡಿಕೆ ಚೀಲಗಳು ಈಗ ನಡುಮನೆಯಲ್ಲಿವೆ.

ಮೊನ್ನೆ ಮುಂಡಗೋಡಿಗೆ ಹೋಗಿದ್ದೆ. ಗ್ಯಾರೇಜೊಂದರ ಹಿಂದೆ ಬೇಲಿಗೆ ಒರಗಿಸಿದ್ದ ಚಾಸಿ ಕಣ್ಣಿಗೆ ಬಿತ್ತು. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದೆ, ನೇರವಾಗಿತ್ತು. ಆರ್‌ಸಿಯೂ ಇದೆ ಎಂದರು. ಕಾಗದದ ನಂಬರಿಗೂ ಕುತ್ತಿಗೆಯ ಮೇಲೆ ಕೊರೆದ ನಂಬರಿಗೂ ತಾಳೆ ನೋಡಿ, ನಾಲ್ಕೂ ಕಡೆಯಿಂದ ಫೋಟೋ ತೆಗೆದು ಕಳಿಸಿದೆ. ಅಳಿಯ ದಿಬ್ಬದ ಮೇಲೆಯೇ ಇದ್ದನೆಂದು ಕಾಣುತ್ತದೆ, ಕೂಡಲೇ ಉತ್ತರ ಬಂತು:

"ಬ್ಯಾಡ ಮಾಮಾ. ಮೂರನೇ ಫೋಟೋ ದೊಡ್ಡದು ಮಾಡಿ ನೋಡ್ರಿ, ಎಂಜಿನ್ ಕೂಡೋ ಕಿವಿ ಸೀಳೈತಿ."

ದೊಡ್ಡದು ಮಾಡಿ ನೋಡಿದೆ. ಸೀಳಿತ್ತು. ಊರಿಗೆ ಬರುವವರೆಗೆ ಬಸ್ಸಿನಲ್ಲಿ ಯಾರೊಂದಿಗೂ ಮಾತಾಡಲಿಲ್ಲ.