ಲಿಂಕ್ ಎರರ್ ಅಣ್ಣ

ಕ್ಯಾಸಂಬಳ್ಳಿಯಲ್ಲಿ ಯಾರಾದರೂ ಗಾಡಿ ಬಾನೆಟ್ ಎತ್ತಿದರೆ ಹತ್ತು ಜನ ಸೇರುತ್ತಾರೆ. ಒಂಬತ್ತು ಜನ ಎಂಜಿನ್ ನೋಡುತ್ತಾರೆ. ಹತ್ತನೆಯವನು ಅತ್ತ ತಿರುಗಿಯೂ ನೋಡದೆ ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ಕಾಲೆರಡನ್ನೂ ರಸ್ತೆಗೆ ಚಾಚುತ್ತಾನೆ. ಅವನೇ ಸ್ಕ್ಯಾನರ್ ಅಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಬಂಗಾರಪೇಟೆಯಲ್ಲೂ ಇಂಥವನೊಬ್ಬ ಇದ್ದಾನೆ, ರಾಬರ್ಟ್‌ಸನ್‌ಪೇಟೆಯಲ್ಲಿ ಇಬ್ಬರು. ಒಬ್ಬನ ಹೆಸರು ಎತ್ತಿದರೆ ಇನ್ನೊಬ್ಬ ‘ಅವನಿಗೇನು ಗೊತ್ತು ಬಿಡಿ’ ಅನ್ನುತ್ತಾನೆ.

ಅಣ್ಣನ ಬಂಡವಾಳ ಒಂದು ಹಳೇ ಲ್ಯಾಪ್‌ಟಾಪು, ಒಂದು ಕೇಬಲ್ಲು. ಲ್ಯಾಪ್‌ಟಾಪಿನ ಹಣೆಗೆ ಹೋದ ಆಯುಧಪೂಜೆಯ ಕುಂಕುಮ ಹಾಗೇ ಇದೆ. ಚಾರ್ಜರ್ ಪಿನ್ನಿಗೆ ಅರ್ಧ ಇಟ್ಟಿಗೆಯ ಆಸರೆ. ಸಾಫ್ಟ್‌ವೇರ್ ಎಲ್ಲಿಂದ ಬಂತು ಅಂದರೆ ‘ಫ್ರೆಂಡ್ ಕೊಟ್ಟ’ ಅನ್ನುತ್ತಾನೆ. ಆ ಫ್ರೆಂಡನ್ನು ಇವತ್ತಿನವರೆಗೂ ಯಾರೂ ನೋಡಿಲ್ಲ.

ಮೊದಲು ಇಲ್ಲಿ ಬೇರೆ ಥರದ ಸ್ಕ್ಯಾನರ್ ಇತ್ತು. ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದ ತಾತಂದಿರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೊತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕಾಯಿಲೆ ಹೇಳುತ್ತಿದ್ದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಆ ಮನೆಗಳ ಹುಡುಗರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೊರಟರು. ಸ್ಕ್ಯಾನರ್ ಅಣ್ಣನಿಗಂತೂ ಕಿವಿಯ ಮೇಲೆ ನಂಬಿಕೆಯೇ ಇಲ್ಲ. ಪರದೆಯ ಮೇಲೆ ಬರಬೇಕು, ಆಗಲೇ ನಿಜ.

ಮೊನ್ನೆ ಟೊಮೆಟೊ ಬೆಳೆಯುವ ಯಜಮಾನರೊಬ್ಬರು ಗಾಡಿ ತಂದು ನಿಲ್ಲಿಸಿದರು. ‘ಪಿಕಪ್ಪಿಗೆ ಪಿಕಪ್ಪೇ ಇಲ್ಲ ತಮ್ಮಾ. ಕ್ರೇಟು ತುಂಬಿ ಕೋಲಾರದ ಮಂಡಿ ಮುಟ್ಟೋಷ್ಟರಲ್ಲಿ ಹಣ್ಣೆಲ್ಲ ಸಾರಾಗ್ತವೆ.’

‘ರಿಮ್ಯಾಪ್ ಹೊಡೆದ್ರೆ ಹಾರ್ತದೆ’ ಅಂದ ಅಣ್ಣ. ಗಾಡಿಯ ಕಂಪ್ಯೂಟರಿನಲ್ಲಿರುವ ಡೀಸೆಲ್ ಲೆಕ್ಕವನ್ನೇ ತಿದ್ದಿ ಬರೆಯುವ ವಿದ್ಯೆ ಅದು. ಬರೆಯುವಾಗ ನಡುವೆ ಬ್ಯಾಟರಿ ಕುಸಿದರೆ ಆ ಕಂಪ್ಯೂಟರ್ ಬರೀ ತಗಡಿನ ಡಬ್ಬಿ. ಅದಕ್ಕೇ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, ಸುತ್ತ ನಿಂತವರನ್ನು ಎರಡು ಹೆಜ್ಜೆ ಹಿಂದೆ ಸರಿಸಿ, ಕೀ ಆನ್ ಮಾಡಿ ಕೇಬಲ್ ಚುಚ್ಚಿದ. ಹಸಿರು ದೀಪ ಹತ್ತಿತು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಲಿಂಕ್ ಎರರ್.

‘ತಮ್ಮಾ, ಎರಡು ದಿನದಿಂದ ಫೋನ್ ಚಾರ್ಜರೂ...’

‘ಇರಿ ಯಜಮಾನ್ರೇ. ಡ್ರೈವರ್ ಸರಿ ಇಲ್ಲ.’

ಪಕ್ಕದಲ್ಲಿದ್ದ ಯಜಮಾನರ ಮಗನ ಮುಖ ಇಳಿದು ಹೋಯಿತು. ‘ಲೈಸೆನ್ಸ್ ಐತೆ ಅಣ್ಣಾ, ತೋರಿಸ್ಲಾ?’

ಕೇಬಲ್ಲಿನ ಡ್ರೈವರನ್ನು ಅಳಿಸಿ ಮತ್ತೆ ಹಾಕಿದ್ದಾಯಿತು, ಪೋರ್ಟ್ ನಂಬರ್ ಬದಲಿಸಿದ್ದಾಯಿತು, ಲ್ಯಾಪ್‌ಟಾಪ್ ಆರಿಸಿ ಹತ್ತಿಸಿದ್ದಾಯಿತು. ಆಮೇಲೆ ಸಂಶಯ ಭಾಷೆಯ ಮೇಲೆ ಬಿತ್ತು. ನಮ್ಮ ಸೀಮೆಯಲ್ಲಿ ತೆಲುಗಿನಲ್ಲಿ ಬೈದು, ಕನ್ನಡದಲ್ಲಿ ರಾಜಿ ಮಾಡಿಸಿ, ತಮಿಳು ಹಾಡಿಗೆ ತಲೆದೂಗುತ್ತೇವೆ, ಅದೂ ಒಂದೇ ಲೋಟ ಟೀ ಮುಗಿಯುವುದರೊಳಗೆ. ಗಾಡಿಯ ಕಂಪ್ಯೂಟರಿಗೆ ಅಷ್ಟು ಔದಾರ್ಯವಿಲ್ಲ. ಸ್ಟೇರಿಂಗ್ ಕೆಳಗಿನ ಕಪ್ಲರಿನಲ್ಲಿ 16 ತೂತು. ಹಳೇ ಗಾಡಿಗಳು 7ನೇ ತೂತಿನ ಕೆ-ಲೈನ್‌ನಲ್ಲಿ ಮಾತಾಡುತ್ತವೆ, ಹೊಸವು 6 ಮತ್ತು 14ರ ಕ್ಯಾನ್ ಜೋಡಿಯಲ್ಲಿ. ತಪ್ಪು ಭಾಷೆ ಹಿಡಿದರೆ ಬಾಯೇ ಬಿಡುವುದಿಲ್ಲ. ಅಣ್ಣ ಎರಡನ್ನೂ ಆರಿಸಿ ನೋಡಿದ. ಬ್ಯಾಟರಿ ಕಳಚಿ, ಮೀಟರಿನ ಮುಳ್ಳುಗಳನ್ನು 6ಕ್ಕೊಂದು 14ಕ್ಕೊಂದು ಚುಚ್ಚಿದ. 60 ಓಮ್.

‘ಎರಡು ತುದಿಗೆ 120 ಓಮಿನ ರೆಸಿಸ್ಟರ್ ಒಂದೊಂದು ಇರ್ತದೆ, ಪ್ಯಾರಲಲ್ಲಾಗಿ ಸೇರಿ 60. ವೈರು ಚಿನ್ನ’ ಎಂದು ಘೋಷಿಸಿದ. ವೈರು ಚಿನ್ನವಾದರೆ ಉಳಿದದ್ದೇನು ಅಂತ ನಾನು ಕೇಳಬಹುದಿತ್ತು. ಅಣ್ಣ ಮೀಟರ್ ಹಿಡಿದಾಗ ಅಂಥ ಧೈರ್ಯ ಯಾರಿಗೂ ಬರುವುದಿಲ್ಲ.

‘ಅದೇ ತಮ್ಮಾ, ಚಾರ್ಜರೂ...’

‘ಯಜಮಾನ್ರೇ, ಇದು ಫೋನಿನ ವಿಷಯ ಅಲ್ಲ.’

1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದ ಸೀಮೆ ಇದು. ಅಂಥಲ್ಲಿ ಒಂದೂವರೆ ಮೀಟರ್ ಕೇಬಲ್ಲಿನ ಆಚೆ ತುದಿಗೆ ಸುದ್ದಿ ಮುಟ್ಟದೆ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಕೇಬಲ್ ಮಾರಿದವನು, ಗಾಡಿ ಮಾಡಿದವನು, ಇಲಿ, ಮಳೆ ಎಲ್ಲರ ಮೇಲೂ ಅಣ್ಣ ಕೇಸು ಹಾಕಿ ಮುಗಿಸಿದ್ದ.

ಟೀ ಅಂಗಡಿ ಬೆಂಚಿನಲ್ಲಿ ಗಣಿಯ ಹಳೇ ಫಿಟ್ಟರ್ ತಾತ ಒಬ್ಬರು ಬನ್ ಅದ್ದಿಕೊಂಡು ತಿನ್ನುತ್ತಿದ್ದರು. ಬನ್ ಮುಗಿಸಿ, ಬೆರಳು ಚೀಪಿ, ತಣ್ಣಗೆ ಅಂದರು: ‘ಫ್ಯೂಸ್ ಪಾರುಪ್ಪಾ.’

‘ದೀಪ ಉರೀತಿದೆಯಲ್ಲ ತಾತಾ!’

ದೀಪ ಉರಿಯುತ್ತಿದ್ದದ್ದು ನಿಜ. ಉರಿಯುತ್ತಿದ್ದದ್ದು ಲ್ಯಾಪ್‌ಟಾಪಿನ ಕರೆಂಟಿನಿಂದ. ಆ ಕೇಬಲ್ಲಿನ ಗಾಡಿ ಕಡೆಯ ಅರ್ಧಕ್ಕೆ 16ನೇ ತೂತಿನ ಬ್ಯಾಟರಿ ಕರೆಂಟೇ ಬರಬೇಕು. ಕೀ ತೆಗೆದರೂ ಅಲ್ಲಿ ಕರೆಂಟು ಇದ್ದೇ ಇರುತ್ತದೆ ಅನ್ನುವುದು ಅಣ್ಣನಿಗೆ ಬಾಯಿಪಾಠ. ಬಾಯಿಪಾಠ ಆಗಿದ್ದರಿಂದಲೇ 16ಕ್ಕೂ 4ನೇ ಅರ್ತಿಗೂ ಮೀಟರ್ ಮುಟ್ಟಿಸಿರಲಿಲ್ಲ. ಬ್ಯಾಟರಿ ಮತ್ತೆ ಸಿಕ್ಕಿಸಿ ಈಗ ಮುಟ್ಟಿಸಿದ. ಸೊನ್ನೆ.

ಎಷ್ಟೋ ಗಾಡಿಗಳಲ್ಲಿ ಈ ಕಪ್ಲರಿಗೂ ಸಿಗರೇಟ್ ಲೈಟರ್ ಸಾಕೆಟ್ಟಿಗೂ ಒಂದೇ ಫ್ಯೂಸು. ಅಣ್ಣ ಸಾಕೆಟ್ಟಿಗೆ ಟಾರ್ಚ್ ಬಿಟ್ಟ. ಒಳಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ನೀಟಾಗಿ ಮಡಿಸಿ ತುರುಕಿದ್ದು, ಅಂಚು ಕಪ್ಪಗೆ ಸೀದಿತ್ತು.

‘ಚಾರ್ಜರ್ ಲೂಸ್ ಆಗ್ತಿತ್ತು, ಟೈಟಾಗಲಿ ಅಂತ ನಾನೇ ಇಟ್ಟಿದ್ದು’ ಅಂದರು ಯಜಮಾನರು. ‘ಆವತ್ತಿಂದ ಅದೂ ಸತ್ತೋಯ್ತು. ಅದನ್ನೇ ಬೆಳಗಿಂದ...’

‘ಮೊದಲೇ ಹೇಳೋದಲ್ವಾ!’

ಯಜಮಾನರು ಬಾಯಿ ತೆರೆದರು. ಮಗ ಅವರ ಕಾಲು ತುಳಿದ. ಕಾಗದ ಕಿತ್ತು, 15 ಆಂಪಿಯರಿನ ನೀಲಿ ಫ್ಯೂಸು ಹಾಕಿದರು. ಕೆಂಪಕ್ಷರ ಹೋಯಿತು. ಪರದೆ ತುಂಬ ಅಂಕಿಗಳು ಇರುವೆಸಾಲಿನ ಹಾಗೆ ಹರಿಯತೊಡಗಿದವು. ಅಣ್ಣ ಕನ್ನಡಕ ಏರಿಸಿ, ಎಂಜಿನ್ನಿಗೆ ಹೋಗುವ ಗಾಳಿಯ ಲೆಕ್ಕದ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದ.

‘ತಮ್ಮಾ, ಏರ್ ಫಿಲ್ಟರ್ ಚೇಂಜ್ ಮಾಡಿ ಎರಡು ವರ್ಷ ಆಗಿರಬೇಕು...’

ಅಣ್ಣ ತಿರುಗದೆಯೇ ಅಂಗೈ ಎತ್ತಿ ತಡೆದ. ‘ಒಂದ್ನಿಮಿಷ ಸುಮ್ಕಿರಿ ಯಜಮಾನ್ರೇ. ಗಾಡಿ ಈಗ ತಾನೇ ಮಾತಾಡ್ತಾ ಐತೆ.’